ನಾಯಿಯ ರಕ್ತದಲ್ಲಿ ಹುಳದ ಮರಿ: ಅನುಭವ ಇದ್ದವರು ಹೇಳಿ

ಬಿಜೈಯವರು: ನಮ್ಮ ಲ್ಯಾಬ್ರಡಾರ್ ನಾಯಿಗೆ ನಾಲ್ಕು ವರ್ಷ. ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತದಲ್ಲಿ ಮೈಕ್ರೋಫೈಲೇರಿಯಾ, ಅಂದರೆ ಹುಳದ ಸಣ್ಣ ಮರಿ, ಕಂಡಿದೆ. ಹೃದಯದ ಹುಳ ಇರಬಹುದು ಎಂದರು. ಇಂಜೆಕ್ಷನ್ನಾ, ಮಾತ್ರೆಯಾ?

ಸುರತ್ಕಲ್‌ನವರು: ನಾವು ಇಂಜೆಕ್ಷನ್ನೇ ಮಾಡಿಸಿದ್ದು. ದೊಡ್ಡ ಹುಳ ಕೊಲ್ಲುವ ಆ ಮದ್ದು, ಮೆಲಾರ್ಸೊಮೈನ್, ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಹೊರಗಿನಿಂದ ತರಿಸಲು ಏಳು ವಾರ, 46,500 ರೂಪಾಯಿ. ಹೃದಯದ ಸ್ಕ್ಯಾನ್ (ಎಕೋ) 2,800. ಎಕ್ಸ್‌ರೇ ಎರಡು ಸಲ, ಒಂದು ಮಸುಕಾಗಿ ಬಂತು, ಅದಕ್ಕೂ ದುಡ್ಡು ತಗೊಂಡರು. ಮೊದಲು 28 ದಿನ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್, ಒಂದು ತಿಂಗಳು ಬಿಟ್ಟು ಮೊದಲ ಸೂಜಿ, ಮತ್ತೆ ತಿಂಗಳು ಬಿಟ್ಟು ಇನ್ನೆರಡು, ಒಂದು ದಿನದ ಅಂತರದಲ್ಲಿ. ಸತ್ತ ಹುಳದ ತುಂಡು ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಓಡುವಂತೆಯೇ ಇಲ್ಲ. ಒಂದು ದಿನ ಮೀನಿನ ಗಾಡಿಯ ಹಾರ್ನ್ ಕೇಳಿ ನಮ್ಮವನು ಹಗ್ಗ ಹರಿದು ಓಡಿದ. ರಾತ್ರಿ ರಕ್ತ ಕೆಮ್ಮಿದ. ಆ ರಾತ್ರಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತೆ ಉಂಟು. ಆದರೂ ಬದುಕಿದ.

ಮಲ್ಪೆಯವರು: ಎಲ್ಲರ ಹತ್ತಿರ ಅಷ್ಟು ದುಡ್ಡು ಇರುವುದಿಲ್ಲ. ನಾವು ಡಾಕ್ಸಿಸೈಕ್ಲಿನ್ ಮುಗಿಸಿ ತಿಂಗಳಿಗೊಮ್ಮೆ ಕುತ್ತಿಗೆಗೆ ಮೊಕ್ಸಿಡೆಕ್ಟಿನ್ ಎಂಬ ಹುಳದ ಮದ್ದಿನ ಹನಿ ಹಾಕಿದೆವು. 22 ತಿಂಗಳಾದ ಮೇಲೆ ಟೆಸ್ಟ್ ನೆಗೆಟಿವ್.

ಸುರತ್ಕಲ್‌ನವರು: 22 ತಿಂಗಳು ಹುಳ ಒಳಗೆ ಕೂತು ರಕ್ತನಾಳ ಹಾಳು ಮಾಡ್ತಾ ಇತ್ತಲ್ಲ ಮಾರಾಯ್ರೆ, ಅದರ ಲೆಕ್ಕ ಎಲ್ಲಿ?

ಮಲ್ಪೆಯವರು: ರಕ್ತ ಕೆಮ್ಮಿದ್ದು ನಿಮ್ಮ ನಾಯಿ, ನಮ್ಮದಲ್ಲ.

ಮಣಿಪಾಲದವರು: ಮರಿ ಕಂಡ ಮಾತ್ರಕ್ಕೆ ಹೃದಯದ ಹುಳ ಅಂತ ಹಾರಬೇಡಿ. ಚರ್ಮದಡಿ ಇರುವ ರೆಪೆನ್ಸ್ ಎಂಬ ಬೇರೆ ಹುಳದ ಮರಿಯೂ ರಕ್ತದಲ್ಲೇ ಇರುತ್ತದೆ. ನಾನು ಹೆದರಿ 9,400 ಕಳೆದುಕೊಂಡೆ. ಆಮೇಲೆ ಹೃದಯದ ಹುಳ ಇದೆಯಾ ಅಂತ ತೋರಿಸುವ ಆ್ಯಂಟಿಜೆನ್ ಟೆಸ್ಟ್ ಮಾಡಿಸಿದರೆ ನೆಗೆಟಿವ್. ಅದನ್ನು ಮೊದಲೇ ಮಾಡಿಸಿ ಅಂತ ಒಬ್ಬರೂ ಹೇಳಲಿಲ್ಲ.

ಕುಂದಾಪುರದವರು: ಹಸಿ ಬೂತಾಯಿ ಮೀನು ಹಾಕಿದರೆ ಇದೆಲ್ಲ ಬರದೆ ಇರುತ್ತದಾ?

ಸುರತ್ಕಲ್‌ನವರು: ಮೀನಿಗೂ ಇದಕ್ಕೂ ಏನು ಸಂಬಂಧ? ಸೊಳ್ಳೆ ಕಚ್ಚಿ ಬರುವುದು. ಮರಿ ಒಳಗೆ ಹೋಗಿ ದೊಡ್ಡ ಹುಳ ಆಗಲು ಆರೇಳು ತಿಂಗಳು. ಮಳೆಗಾಲದಲ್ಲಿ ಕಚ್ಚಿದ್ದು ಮುಂದಿನ ಬೇಸಿಗೆಗೇ ತಿಳಿಯುವುದು.

ಕುಂದಾಪುರದವರು: ನಮ್ಮಲ್ಲಿ ಸೊಳ್ಳೆ ಇಲ್ಲ.

ಮಲ್ಪೆಯವರು: ಮಳೆಗಾಲದಲ್ಲಿ ಕುಂದಾಪುರದಲ್ಲಿ ಸೊಳ್ಳೆ ಇಲ್ವಾ? ಒಳ್ಳೆ ಕಥೆ.

ಕುಂದಾಪುರದವರು: ನಮ್ಮ ಅಂಗಳದಲ್ಲಿ ಒಂದು ಚಿಪ್ಪು ನೀರು ನಿಲ್ಲಲು ಬಿಡುವುದಿಲ್ಲ. ನಿಮ್ಮ ಬಂದರಿನ ಬದಿಯ ಬುಟ್ಟಿ, ಟಬ್ಬು ಎಲ್ಲ ನೋಡಿದ್ದೇನೆ.

ಮಲ್ಪೆಯವರು: ಬಂದರಿನ ಸುದ್ದಿಗೆ ಬರಬೇಡಿ. ಬೂತಾಯಿ ರೇಟು ಕೇಳಿದ್ದೀರಾ? ಮನೆಯವರಿಗೇ ಸಾಲದು, ನಾಯಿಗೆ ಹಾಕುವವರು ಯಾರು!