ಎರಡನೆಯ ರೀಫರ್ ಗಾಡಿ: ಎಷ್ಟು ಅಡಿ, ಎಷ್ಟು ಆಕ್ಸಲ್?

ಕೇಳಿದವರು, ಬೆಂಗಳೂರು

ನನ್ನ ಬಳಿ 20 ಅಡಿಯ ಒಂದು ರೀಫರ್ ಗಾಡಿ, ಅಂದರೆ ಸರಕನ್ನು ತಂಪಾಗಿಟ್ಟು ಸಾಗಿಸುವ ಲಾರಿ ಇದೆ. ಹಾಸನ, ಮಂಗಳೂರಿಗೆ ಮೊಸರು, ಬೆಣ್ಣೆ ಸಾಗಿಸುತ್ತೇನೆ. ಈಗ ಹೈದರಾಬಾದಿಗೆ ಫ್ರೋಜನ್ ಕೋಳಿಮಾಂಸದ ಬಾಡಿಗೆ ಸಿಗುವಂತಿದೆ. 24 ಅಡಿ ಸಾಕೇ, 32 ಅಡಿ ಬೇಕೇ? ಸಿಂಗಲ್ ಆಕ್ಸಲ್ಲೋ (ಹಿಂದೆ ಚಕ್ರದ ಅಚ್ಚು ಒಂದೇ, ಮುಂದಿನದೂ ಸೇರಿ ಒಟ್ಟು ಎರಡು), ಮಲ್ಟಿ ಆಕ್ಸಲ್ಲೋ (ಒಟ್ಟು ಮೂರು ಅಥವಾ ಹೆಚ್ಚು)? ಟ್ರೇಲರನ್ನೇ ಕೊಂಡುಬಿಡಿ ಎನ್ನುವವರೂ ಇದ್ದಾರೆ. ಸಾಲ ಮಾಡಿ ಕೊಳ್ಳಬೇಕಾದ ಗಾಡಿ. ಓಡಿಸಿದವರು ದಯವಿಟ್ಟು ಹೇಳಿ.

ಹುಬ್ಬಳ್ಳಿಯ ಗಾಡಿ ಮಾಲೀಕರು

ಅಡಿಯ ಲೆಕ್ಕ ಆಮೇಲೆ ಹಾಕೋಣ. ನಿಮ್ಮ ಸರಕು ತುಂಬುವಾಗ ಮೊದಲು ಮುಗಿಯುವುದು ಜಾಗವೋ, ತೂಕವೋ? ಗುಲಾಬಿ, ಅಣಬೆ, ಸೊಪ್ಪು ಹೇರಿದರೆ ಸೂರು ಮುಟ್ಟಿದರೂ ತೂಕ ಬರುವುದಿಲ್ಲ. ಕೋಳಿಮಾಂಸ ಹಾಗಲ್ಲ, ಪೆಟ್ಟಿಗೆಗಳು ಕಲ್ಲಿನಂತೆ ಕೂರುತ್ತವೆ.

2018ರಲ್ಲಿ ಆಕ್ಸಲ್ ಮಿತಿ ಏರಿಸಿದಾಗ ಎರಡು ಆಕ್ಸಲ್ ಲಾರಿಯ ಒಟ್ಟು ತೂಕ 16.2ರಿಂದ 18.5 ಟನ್ನಿಗೆ, ಮೂರು ಆಕ್ಸಲ್‌ನದು 25ರಿಂದ 28.5 ಟನ್ನಿಗೆ ಹೋಯಿತು. ಕೇಳಲು ಚೆನ್ನಾಗಿದೆ. ಆದರೆ ರೀಫರ್‌ನಲ್ಲಿ ದಪ್ಪ ಗೋಡೆ, ನೆಲಹಾಸು, ಕೂಲಿಂಗ್ ಯೂನಿಟ್ಟು ಎಲ್ಲವೂ ಆ ಮಿತಿಯಲ್ಲೇ ಪಾಲು ಕೇಳುತ್ತವೆ. ನನ್ನ 32 ಅಡಿಯ ಸಿಂಗಲ್ ಆಕ್ಸಲ್ ಗಾಡಿ ಖಾಲಿಯಿದ್ದಾಗಲೇ ಕಾಟಾದಲ್ಲಿ (ಲಾರಿ ತೂಗುವ ತಕ್ಕಡಿ) 9.8 ಟನ್ ತೂಗಿತು. ಸರಕಿಗೆ ಉಳಿದದ್ದು 8.7 ಟನ್. ಅಷ್ಟು ಮಾಂಸ ಹೇರಿ ಬಾಗಿಲಲ್ಲಿ ನಿಂತು ನೋಡಿದರೆ ಅರ್ಧಕ್ಕಿಂತ ಹೆಚ್ಚು ಜಾಗ ಬರಿದು. ಆ ಬರಿದು ಜಾಗವನ್ನೂ ಮೈನಸ್ 18 ಡಿಗ್ರಿಯಲ್ಲಿ ಇಡಲು ಡೀಸೆಲ್ ಸುಟ್ಟೆ. ಎರಡು ವರ್ಷ ಹಾಗೆಯೇ ದುಡಿದು ಕೊನೆಗೆ ಮಾರಿದೆ.

ಅದೇ ಎರಡು ಆಕ್ಸಲ್ ಚಾಸಿಯ ಮೇಲೆ 24 ಅಡಿಯ ಬಾಡಿ ಕಟ್ಟಿಸಿದರೆ ಬಾಡಿಯ ತೂಕ ಇಳಿದು, ಹೇರುವ ಸರಕು ಹೆಚ್ಚುತ್ತದೆ. ಉದ್ದ ಹೆಚ್ಚಿದರೆ ದುಡಿಮೆಯೂ ಹೆಚ್ಚು ಎಂದು ನಾನು ನಂಬಿದ್ದು ತಪ್ಪು. ಕೋಳಿಮಾಂಸವೇ ಮುಖ್ಯವಾದರೆ ಮೂರು ಆಕ್ಸಲ್ ತೆಗೆದುಕೊಳ್ಳಿ. ಉದ್ದ ಎಷ್ಟಿರಬೇಕೆಂದು ವಾಪಸು ಬರುವ ಸರಕು ಹೇಳಲಿ.

ಟೋಲ್‌ಗೆ ಹೆದರಬೇಡಿ. ಹೆದ್ದಾರಿ ಶುಲ್ಕದ 2008ರ ನಿಯಮದಲ್ಲಿ ಮೂಲ ದರ ಕಿಲೋಮೀಟರಿಗೆ ಎರಡು ಆಕ್ಸಲ್‌ಗೆ 2.20 ರೂಪಾಯಿ, ಮೂರಕ್ಕೆ 2.40. ದೊಡ್ಡ ಜಿಗಿತ ಇರುವುದು ನಾಲ್ಕರಲ್ಲಿ: 3.45. ಆಮೇಲೆ ದರ ಏರುತ್ತಲೇ ಬಂದಿದ್ದರೂ ಎರಡಕ್ಕೂ ಮೂರಕ್ಕೂ ನಡುವಿನ ಅಂತರ ಇಂದಿಗೂ ಕಡಿಮೆಯೇ. ನಿಜವಾದ ಖರ್ಚು ಟೈರಿನದು, ಆರರ ಬದಲು ಹತ್ತು.

ಮಂಗಳೂರಿನ ಚಾಲಕರು

ಮಾಲೀಕರು ಹೇಳಿದ್ದು ಸರಿ. ಚಕ್ರ ಹಿಡಿಯುವವನ ಮಾತನ್ನೂ ಕೇಳಿ. ಹಾಸನದಲ್ಲಿ ಒಂದಷ್ಟು ಇಳಿಸಿ ಮಂಗಳೂರಿಗೆ ಬರುವಾಗ ಬಾಗಿಲ ಕಡೆಯ ಸರಕು ಮೊದಲು ಹೋಗುತ್ತದೆ. ಹಿಂದಿನ ಆಕ್ಸಲ್‌ನ ಆಚೆಗೆ ಚಾಚಿದ ಆ ಭಾರ ಅಲ್ಲಿಯವರೆಗೆ ಮುಂಭಾಗವನ್ನು ತುಸು ಎತ್ತಿ ಹಿಡಿದಿರುತ್ತದೆ. ಅದು ಇಳಿದ ಕೂಡಲೇ ಒಟ್ಟು ತೂಕ ಕಡಿಮೆಯಾದರೂ ಸ್ಟಿಯರಿಂಗ್ ಆಕ್ಸಲ್ ಮೇಲಿನ ಭಾರ ಏರುತ್ತದೆ. ಶಿರಾಡಿ ಘಾಟಿ ಇಳಿಯುವಾಗ ಕೈಗೆ ಅದು ಗೊತ್ತಾಗುತ್ತದೆ. ಉದ್ದ ಬಾಡಿಯಲ್ಲಿ ಹೀಗಾಗುವುದು ಹೆಚ್ಚು. ನಾನು ಹಾಸನ ಬಿಡುವ ಮುನ್ನ ಮುಂದಿನ ಒಂದೆರಡು ಸಾಲನ್ನು ನಡುವಿಗೆ ತರಿಸುತ್ತೇನೆ. ಅರ್ಧ ಗಂಟೆ ಹೋದರೂ ಪರವಾಗಿಲ್ಲ.

ಕೂಲಿಂಗ್ ಯೂನಿಟ್ಟಿಗೆ ಸ್ವಂತ ಎಂಜಿನ್ ಇರಲಿ. ಲಾರಿಯ ಎಂಜಿನ್ನಿನಿಂದಲೇ ಓಡುವ ಯೂನಿಟ್ಟು, ಲಾರಿ ಆಫ್ ಮಾಡಿದರೆ ನಿಂತುಬಿಡುತ್ತದೆ. ಘಾಟಿಯಲ್ಲಿ ಗುಡ್ಡ ಕುಸಿದು ರಾತ್ರಿಯೆಲ್ಲ ಸಾಲಿನಲ್ಲಿ ನಿಂತವರಿಗೆ ಆ ಸಂಕಟ ಗೊತ್ತು.

ವಿಜಯಪುರದ ದ್ರಾಕ್ಷಿ ಬೆಳೆಗಾರರು

ಟ್ರೇಲರ್ ಬೇಡ. ನಮ್ಮ ರಫ್ತು ದ್ರಾಕ್ಷಿ ನವಿ ಮುಂಬೈನ ಬಂದರಿಗೆ 40 ಅಡಿಯ ಕಂಟೇನರಿನಲ್ಲಿ ಹೋಗುವುದರಿಂದ ಟ್ರೇಲರ್ ಬೇಕು. ಆ ಕಂಟೇನರ್ ಹಡಗು ಕಂಪನಿಯದು, ದಾರಿಯಲ್ಲಿ ಅದಕ್ಕೆ ಜನರೇಟರ್ ಬೇರೆ. ನಿಮ್ಮ ಕೆಲಸವೇ ಬೇರೆ.

ಕೇಳಿದವರು

ವಾಪಸು ಔಷಧಿ ಪೆಟ್ಟಿಗೆಗಳು ಸಿಗಬಹುದು. ಹಗುರ ಸರಕು, ಹಾಗಾಗಿ ಮೂರು ಆಕ್ಸಲ್, 32 ಅಡಿ ಎಂದುಕೊಂಡಿದ್ದೇನೆ. ಹಳೆಯ ಗಾಡಿಯೊಂದು ನೋಡಲು ಸಿಕ್ಕಿದೆ.

ಹುಬ್ಬಳ್ಳಿಯ ಗಾಡಿ ಮಾಲೀಕರು

ಮಾಂಸ ಸಾಗಿಸಿದ ಗಾಡಿಯಲ್ಲಿ ಔಷಧಿ ತುಂಬಿಸಲು ಔಷಧಿ ಕಳುಹಿಸುವವರು ಒಪ್ಪುತ್ತಾರೆಯೇ, ಮೊದಲು ಬರವಣಿಗೆಯಲ್ಲಿ ಕೇಳಿ. ಒಪ್ಪದಿದ್ದರೆ 32 ಅಡಿಗೆ ಕಾರಣವೇ ಉಳಿಯುವುದಿಲ್ಲ, 24ಕ್ಕೆ ಬನ್ನಿ.

ಹಳೆಯ ಗಾಡಿಯನ್ನು ಹಗಲಲ್ಲೇ ನೋಡಿ. ಹೊರಗೆ ಒಬ್ಬರನ್ನು ನಿಲ್ಲಿಸಿ, ಒಳಗೆ ಹೋಗಿ ಬಾಗಿಲು ಹಾಕಿಸಿಕೊಳ್ಳಿ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ರಬ್ಬರಿನ ಅಂಚಿನಲ್ಲಿ ಎಲ್ಲಿ ಬೆಳಕಿನ ಗೆರೆ ಕಾಣುತ್ತದೆಯೋ ಅಲ್ಲಿಂದಲೇ ತಂಪು ಸೋರುವುದು. ಆಮೇಲೆ ಖಾಲಿ ಗಾಡಿಯನ್ನು ಕಾಟಾಕ್ಕೆ ಏರಿಸಿ. ಆರ್‌ಸಿಯಲ್ಲಿ ಬರೆದ ತೂಕಕ್ಕಿಂತ ತುಂಬ ಹೆಚ್ಚು ಬಂದರೆ ಗೋಡೆಯೊಳಗಿನ ಫೋಮ್ ನೀರು ಕುಡಿದಿರಬಹುದು. ಅಂಥದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಟ್ಟು ಬನ್ನಿ.