ಕ್ವಾಂಟಮ್ ಮೆಕ್ಯಾನಿಕ್ಸ್‌ನಲ್ಲಿ ‘ಫೇಸ್’ ಅಂದರೆ ಯಾವ ಅರ್ಥ?

ಕ್ವಾಂಟಮ್ ಮೆಕ್ಯಾನಿಕ್ಸ್ ಬಗ್ಗೆ ಏನೇ ಓದಿದರೂ ‘ಫೇಸ್’ (phase) ಎಂಬ ಪದ ತಪ್ಪದೆ ಸಿಗುತ್ತದೆ. ಕನ್ನಡದಲ್ಲಿ ಇದಕ್ಕೆ ‘ಪ್ರಾವಸ್ಥೆ’ ಅಂತ ಬರೆಯುವವರಿದ್ದಾರೆ, ‘ಹಂತ’ ಅನ್ನುವವರಿದ್ದಾರೆ, ‘ಫೇಸ್’ ಅಂತಲೇ ಉಳಿಸಿಕೊಳ್ಳುವವರೂ ಇದ್ದಾರೆ. ‘ಹಂತ’ ನನಗಂತೂ ಒಗ್ಗುವುದಿಲ್ಲ. ಹಂತ ಅಂದರೆ ಒಂದು ಮುಗಿದು ಇನ್ನೊಂದು ಶುರುವಾಗಬೇಕು. ಇಲ್ಲಿ ಮುಗಿಯುವುದೂ ಇಲ್ಲ, ಶುರುವಾಗುವುದೂ ಇಲ್ಲ, ಇರುವುದು ಬರೀ ಒಂದು ಕೋನ. ಆದರೆ ಯಾವ ಪದ ಚೆನ್ನ ಅನ್ನುವುದಕ್ಕಿಂತ ಮೊದಲು ನನಗೆ ಅರ್ಥದ್ದೇ ಪ್ರಶ್ನೆ ಇದೆ. ಒಂದೇ ಬರಹದಲ್ಲಿ ಈ ಪದ ಬೇರೆ ಬೇರೆ ಅರ್ಥದಲ್ಲಿ ಓಡಾಡುತ್ತದೆ, ಯಾವುದು ಎಲ್ಲಿ ಅಂತ ಯಾರೂ ಹೇಳುವುದಿಲ್ಲ. ನಾನು ತಿಳಿದುಕೊಂಡಿದ್ದನ್ನು ಮೊದಲು ಬರೆಯುತ್ತೇನೆ.

ಶ್ರೋಡಿಂಗರ್ 1926ರಲ್ಲಿ ಕೊಟ್ಟ ಸಮೀಕರಣದಲ್ಲಿ ಬರುವ ತರಂಗಫಲನದ (ಕಣದ ಸ್ಥಿತಿಯನ್ನು ಹೇಳುವ ಗಣಿತದ ಫಲನ, wave function) ಬೆಲೆ ಸಂಕೀರ್ಣ ಸಂಖ್ಯೆ. ಅಂಥ ಸಂಖ್ಯೆಯನ್ನು ಎರಡು ತುಂಡಾಗಿ ಹೇಳಬಹುದು: ಅದು ಎಷ್ಟು ದೊಡ್ಡದು, ಯಾವ ಕಡೆಗೆ ತಿರುಗಿದೆ. ಗಡಿಯಾರದ ಮುಳ್ಳಿಗೆ ಒಂದು ಉದ್ದ, ಒಂದು ದಿಕ್ಕು ಇರುತ್ತದಲ್ಲ, ಹಾಗೆ. ಆ ದಿಕ್ಕಿನ ಕೋನವೇ ಫೇಸ್. ಅದೇ ವರ್ಷ ಮ್ಯಾಕ್ಸ್ ಬಾರ್ನ್ ಹೇಳಿದ್ದು, ಉದ್ದದ ವರ್ಗ ತೆಗೆದುಕೊಂಡರೆ ಕಣ ಅಲ್ಲಿ ಸಿಗುವ ಸಂಭವನೀಯತೆ ಬರುತ್ತದೆ ಅಂತ. ಅಲ್ಲಿಗೆ ಕೋನ ಲೆಕ್ಕದಿಂದಲೇ ಬಿದ್ದುಹೋಯಿತು, ಅಲ್ವಾ? ಹಾಗಾದರೆ ಅದನ್ನು ಇಟ್ಟುಕೊಂಡಿರುವುದು ಯಾಕೆ?

ಯಾಕೆಂದರೆ ಕೂಡುವುದು ಮೊದಲು, ವರ್ಗ ಮಾಡುವುದು ಆಮೇಲೆ. ಒಂದು ಎಲೆಕ್ಟ್ರಾನ್ ಪರದೆಯ ಒಂದು ಜಾಗಕ್ಕೆ ಎರಡು ಸೀಳುಗಳ ಮೂಲಕ ಬರಬಹುದು ಅಂದುಕೊಳ್ಳಿ. ಎರಡೂ ದಾರಿಯ ಮುಳ್ಳಿನ ಉದ್ದ 1. ಎರಡೂ ಒಂದೇ ಕಡೆ ತಿರುಗಿದ್ದರೆ ಮೊತ್ತ 2, ವರ್ಗ 4. ಎದುರುಬದುರಾಗಿದ್ದರೆ ಮೊತ್ತ ಸೊನ್ನೆ, ಅಲ್ಲಿ ಎಲೆಕ್ಟ್ರಾನ್ ಬೀಳುವುದೇ ಇಲ್ಲ. 90 ಡಿಗ್ರಿ ವ್ಯತ್ಯಾಸ ಇದ್ದರೆ ವರ್ಗ 2. ಕೋನವೇ ಇಲ್ಲದೆ ಬರೀ ಸಂಭವನೀಯತೆಗಳನ್ನು ಕೂಡಿಸಿದ್ದರೆ ಎಲ್ಲ ಕಡೆಯೂ 2 ಬರಬೇಕಿತ್ತು, ಎಲೆಕ್ಟ್ರಾನ್ ಒಂದು ಕಡೆ ಹೆಚ್ಚು, ಪಕ್ಕದಲ್ಲಿ ಕಡಿಮೆ ಬಿದ್ದು ಪರದೆಯ ಮೇಲೆ ಮೂಡುವ ಪಟ್ಟೆಗಳೇ ಕಾಣುತ್ತಿರಲಿಲ್ಲ. 1989ರಲ್ಲಿ ಜಪಾನಿನ ಟೊನೊಮುರಾ ತಂಡ ಎಲೆಕ್ಟ್ರಾನ್‌ಗಳನ್ನು ಒಂದೊಂದಾಗಿ ಕಳಿಸಿ, ಚುಕ್ಕಿ ಚುಕ್ಕಿ ಸೇರಿ ಪಟ್ಟೆ ಮೂಡುವುದನ್ನು ತೋರಿಸಿತು.

ಹೀಗಾಗಿ ಒಂಟಿ ಫೇಸ್‌ಗೆ ಏನೂ ಅರ್ಥವಿಲ್ಲ. ಎಲ್ಲ ಮುಳ್ಳುಗಳನ್ನೂ ಒಟ್ಟಿಗೆ 40 ಡಿಗ್ರಿ ತಿರುಗಿಸಿ, ಯಾವ ಪ್ರಯೋಗದಲ್ಲೂ ಅದು ಗೊತ್ತಾಗುವುದಿಲ್ಲ. ಅರ್ಥ ಇರುವುದು ಎರಡರ ನಡುವಿನ ವ್ಯತ್ಯಾಸಕ್ಕೆ ಮಾತ್ರ. ‘ಈ ಕಣದ ಫೇಸ್ ಎಷ್ಟು’ ಅಂತ ಯಾರಾದರೂ ಕೇಳಿದರೆ ‘ಯಾವುದಕ್ಕೆ ಹೋಲಿಸಿ’ ಅಂತ ತಿರುಗಿ ಕೇಳಬೇಕಾಗುತ್ತದೆ.

ನೀರಿನ ಅಲೆಯ, ಸದ್ದಿನ ಅಲೆಯ ಫೇಸ್ ಇದೇನಾ ಅನ್ನುವ ಅನುಮಾನ ಸಹಜ. ಗಣಿತದಲ್ಲಿ ನೆಂಟಸ್ತಿಕೆ ಇದೆ, ಅಷ್ಟೆ. ನೀರಿನ ಅಲೆ ಈಗ ಉಬ್ಬಿನಲ್ಲಿದೆಯೋ ತಗ್ಗಿನಲ್ಲಿದೆಯೋ ಅಂತ ಕಣ್ಣಲ್ಲೇ ನೋಡಬಹುದು. ಇಲ್ಲಿ ಉಬ್ಬೂ ಇಲ್ಲ, ತಗ್ಗೂ ಇಲ್ಲ. ಶಕ್ತಿ ನಿಶ್ಚಿತವಾಗಿರುವ ಸ್ಥಿತಿಯಲ್ಲಿ ಫೇಸ್ ಸುಮ್ನೆ ಒಂದೇ ವೇಗದಲ್ಲಿ ತಿರುಗುತ್ತಾ ಇರುತ್ತದೆ, ಶಕ್ತಿ ಜಾಸ್ತಿ ಇದ್ದಷ್ಟೂ ಜೋರಾಗಿ. ಆದರೆ ಅಳೆಯುವುದಕ್ಕೆ ಸಿಗುವ ಯಾವುದೂ ಬದಲಾಗುವುದಿಲ್ಲ. ಅದಕ್ಕೇ ಅದಕ್ಕೆ ‘ಸ್ಥಾಯಿ ಸ್ಥಿತಿ’ ಅಂತ ಹೆಸರು. ಎರಡು ಬೇರೆ ಶಕ್ತಿಯ ಸ್ಥಿತಿಗಳು ಬೆರೆತರೆ ಮಾತ್ರ ಅವುಗಳ ಫೇಸ್ ವ್ಯತ್ಯಾಸ ಸರಿಯುತ್ತಾ ಹೋಗುತ್ತದೆ, ಆಗ ಚಲನೆ ಕಾಣುತ್ತದೆ.

ನನಗೆ ಎಲ್ಲಕ್ಕಿಂತ ವಿಚಿತ್ರ ಅನಿಸುವುದು 1959ರಲ್ಲಿ ಭೌತವಿಜ್ಞಾನಿಗಳಾದ ಅಹರೊನೊವ್ ಮತ್ತು ಬೋಮ್ ಹೇಳಿದ ಸಂಗತಿ. ಎಲೆಕ್ಟ್ರಾನ್ ಹೋಗುವ ಎರಡು ದಾರಿಗಳಲ್ಲೂ ಕಾಂತಕ್ಷೇತ್ರ ಸೊನ್ನೆ. ಕ್ಷೇತ್ರ ಇರುವುದು ಎರಡು ದಾರಿಗಳ ನಡುವೆ, ಎಲೆಕ್ಟ್ರಾನ್ ಮುಟ್ಟದ ಜಾಗದಲ್ಲಿ. ಆದರೂ ದಾರಿಗಳ ನಡುವೆ ಫೇಸ್ ವ್ಯತ್ಯಾಸ ಹುಟ್ಟಿ ಪಟ್ಟೆಗಳು ಪಕ್ಕಕ್ಕೆ ಸರಿಯುತ್ತವೆ. ಕಾಂತದ ಒಂದು ಪುಟ್ಟ ಉಂಗುರಕ್ಕೆ ಅತಿವಾಹಕದ (ತುಂಬ ತಣ್ಣಗಾದಾಗ ತಡೆಯೇ ಇಲ್ಲದೆ ವಿದ್ಯುತ್ ಹರಿಸುವ ವಸ್ತುವಿನ) ಹೊದಿಕೆ ಹಾಕಿ, ಕ್ಷೇತ್ರ ಹೊರಗೆ ಸೋರದಂತೆ ಮಾಡಿ, 1986ರಲ್ಲಿ ಇದನ್ನು ತೋರಿಸಿದ್ದೂ ಅದೇ ಟೊನೊಮುರಾ ತಂಡ. ಲೆಕ್ಕಕ್ಕೆ ಬೇಕಾದ ಕೋನ ಅಷ್ಟೇ ಅಂತ ತಳ್ಳಿಹಾಕುವವರು ಇದನ್ನೊಮ್ಮೆ ನೋಡಬೇಕು.

ಇನ್ನು ಪದ ಬಳಕೆಯ ತಕರಾರು. ‘ನ್ಯೂಟ್ರಾನನ್ನು 360 ಡಿಗ್ರಿ ತಿರುಗಿಸಿದರೆ ಮೈನಸ್ ಒಂದು ಫೇಸ್ ಬರುತ್ತದೆ’ ಅಂತ ಬರೆಯುತ್ತಾರೆ. ವಿಷಯ ನಿಜ, 1975ರಲ್ಲಿ ಪ್ರಯೋಗದಲ್ಲೇ ಕಂಡಿದ್ದಾರೆ, ಮೊದಲಿನ ಸ್ಥಿತಿಗೆ ಪೂರ್ತಿ ಮರಳಲು 720 ಡಿಗ್ರಿ ಬೇಕು. ಆದರೆ ಮೈನಸ್ ಒಂದು ಕೋನ ಅಲ್ಲ. ಕೋನ 180 ಡಿಗ್ರಿ, ಆ ಕೋನದಿಂದ ಬರುವ ಗುಣಕ, ಅಂದರೆ ತರಂಗಫಲನವನ್ನು ಗುಣಿಸುವ ಸಂಖ್ಯೆ, ಮೈನಸ್ ಒಂದು. ಬಲ್ಲವರು ಕೋನಕ್ಕೂ ಫೇಸ್ ಅನ್ನುತ್ತಾರೆ, ಗುಣಕಕ್ಕೂ ಫೇಸ್ ಅನ್ನುತ್ತಾರೆ, ಅವರಿಗೆ ಗೊಂದಲ ಆಗುವುದಿಲ್ಲ. ಹೊಸದಾಗಿ ಓದುವವರ ಪಾಡು ಕೇಳಬೇಡಿ.

ಅತಿವಾಹಕಗಳ ವಿಷಯಕ್ಕೆ ಬಂದರೆ ಇನ್ನೂ ಮಜಾ. ಅಲ್ಲಿ ವಸ್ತುವಿನ ಸ್ಥಿತಿಗೂ ಫೇಸ್ ಅಂತಾರೆ, ಘನ, ದ್ರವ, ಅನಿಲ ಇದ್ದ ಹಾಗೆ ಅತಿವಾಹಕ ಫೇಸ್. ಆ ಫೇಸ್‌ನ ಗುಣ ಏನೆಂದರೆ, ಅದರೊಳಗಿನ ಎಲೆಕ್ಟ್ರಾನ್ ಜೋಡಿಗಳೆಲ್ಲ ಒಂದೇ ಫೇಸ್‌ನಲ್ಲಿ ಇರುತ್ತವೆ! ಈ ವಾಕ್ಯದಲ್ಲಿ ಮೊದಲನೆಯದು ಸ್ಥಿತಿ, ಎರಡನೆಯದು ಕೋನ. 1962ರಲ್ಲಿ ಭೌತವಿಜ್ಞಾನಿ ಜೋಸೆಫ್‌ಸನ್ ಹೇಳಿದ್ದು ಈ ಎರಡನೆಯದನ್ನೇ ಹಿಡಿದು: ಎರಡು ಅತಿವಾಹಕಗಳ ನಡುವೆ ತೆಳು ಅವಾಹಕದ ಪದರ ಇಟ್ಟರೆ, ವೋಲ್ಟೇಜ್ ಇಲ್ಲದೆಯೂ ವಿದ್ಯುತ್ ಹರಿಯುತ್ತದೆ, ಎಷ್ಟು ಅನ್ನುವುದನ್ನು ತೀರ್ಮಾನಿಸುವುದು ಆ ಕಡೆ ಈ ಕಡೆಯ ಫೇಸ್ ವ್ಯತ್ಯಾಸ. ಒಂದು ಮೈಕ್ರೋವೋಲ್ಟ್ ಕೊಟ್ಟರೆ ಆ ವ್ಯತ್ಯಾಸ ಸೆಕೆಂಡಿಗೆ ಸುಮಾರು 48 ಕೋಟಿ 36 ಲಕ್ಷ ಸುತ್ತು ಸುತ್ತುತ್ತದೆ. ವೋಲ್ಟ್ ಎಷ್ಟೆಂದು ಕರಾರುವಾಕ್ಕಾಗಿ ಅಳೆಯಲು ಈಗ ಬಳಸುವುದೂ ಇದನ್ನೇ.

‘ಫೇಸ್ ಸ್ಪೇಸ್’ ಅನ್ನುವುದು ಮತ್ತೂ ಬೇರೆ, ಅದು ಸ್ಥಾನ ಮತ್ತು ಸಂವೇಗ ಎರಡನ್ನೂ ಸೇರಿಸಿ ಬರೆಯುವ ಲೆಕ್ಕದ ಜಾಗ. ಅದನ್ನು ಇಲ್ಲಿ ಬಿಟ್ಟುಬಿಡೋಣ.

ವಸ್ತುವಿನ ಫೇಸ್‌ಗೆ ‘ಸ್ಥಿತಿ’ ಅನ್ನೋಣ ಅಂದರೆ, ಕ್ವಾಂಟಮ್ ಸ್ಥಿತಿ ಅನ್ನುವಲ್ಲಿ ಆ ಪದ ಆಗಲೇ ಖರ್ಚಾಗಿದೆ. ‘ಪ್ರಾವಸ್ಥೆ’ಯನ್ನು ವಸ್ತುವಿಗೆ ಇಟ್ಟುಕೊಂಡು, ಕೋನಕ್ಕೆ ‘ಫೇಸ್ ಕೋನ’, ಗುಣಕಕ್ಕೆ ‘ಫೇಸ್ ಗುಣಕ’ ಅಂತ ಬಿಡಿಸಿ ಬರೆದರೆ ಹೇಗೆ? ಸ್ವಲ್ಪ ಉದ್ದ ಆಗುತ್ತದೆ, ನಿಜ. ಪಾಠ ಮಾಡುವವರು, ಅನುವಾದ ಮಾಡುವವರು ಏನು ಬಳಸುತ್ತೀರಿ ಹೇಳಿ. ಮುಖ್ಯವಾಗಿ ಆ ‘ಮೈನಸ್ ಒಂದು ಫೇಸ್’ ಬಂದಾಗ ಏನು ಬರೆಯುತ್ತೀರಿ?