ರೇಡಿಯೋದ ಗರಗರ ಸದ್ದು: ಕಂಬದ ಸಂಖ್ಯೆ ಸಮೇತ ದೂರು ಕೊಡೋಣ

5ನೇ ಅಡ್ಡರಸ್ತೆ, ಮನೆ ಸಂಖ್ಯೆ 41:
ಎಲ್ಲರಿಗೂ ನಮಸ್ಕಾರ. ನಾನು ಪರವಾನಗಿ ಪಡೆದ ಹ್ಯಾಮ್ ರೇಡಿಯೋ ಹವ್ಯಾಸಿ, ಅಂದರೆ ಸ್ವಂತ ರೇಡಿಯೋದಿಂದ ದೂರದೂರಿನ ಹವ್ಯಾಸಿಗಳೊಂದಿಗೆ ಮಾತನಾಡುವವನು. ಎರಡು ತಿಂಗಳಿನಿಂದ 7 ಮೆಗಾಹರ್ಟ್ಸ್‌ನಲ್ಲಿ ಬೇರೆ ಊರಿನವರ ದನಿ ಕೇಳದಷ್ಟು ಗರಗರ ಸದ್ದು ತುಂಬಿಕೊಂಡಿದೆ. ಯಾರೂ ಮಾತನಾಡದಿದ್ದಾಗಲೂ ನನ್ನ ರಿಸೀವರಿನಲ್ಲಿ ಸಂಕೇತದ ಬಲ ತೋರಿಸುವ ಎಸ್-ಮೀಟರ್ 8ರಲ್ಲೇ ನಿಂತಿರುತ್ತದೆ. ಇದು ನನ್ನೊಬ್ಬನ ತೊಂದರೆಯೆಂದು ಸುಮ್ಮನಿದ್ದೆ. ಆದರೆ 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿಯೂ ಸರಿಯಾಗಿ ಕೇಳಿಸುತ್ತಿಲ್ಲವೆಂದು ಎದುರುಮನೆಯ ಅಜ್ಜಿಯವರು ಮೊನ್ನೆ ಬೇಸರದಿಂದ ಹೇಳಿದ ಮೇಲೆ, ಇಲ್ಲಿ ಬರೆಯಲೇಬೇಕೆನಿಸಿತು.

ಮೊದಲು ನಮ್ಮ ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ಬ್ಯಾಟರಿ ರೇಡಿಯೋದಲ್ಲಿ ಕೇಳಿದೆ. ಸದ್ದು ಹಾಗೆಯೇ ಇತ್ತು. ಇಡೀ ಬೀದಿಗೆ ಕರೆಂಟ್ ಹೋದಾಗ ಮಾತ್ರ ಅದು ಆ ಕ್ಷಣವೇ ನಿಂತಿತು. ಕಳೆದ ವಾರದ ಮಳೆಯಲ್ಲೂ ಅಡಗಿ, ತಂತಿ ಒಣಗುತ್ತಿದ್ದಂತೆ ಮತ್ತೆ ಶುರುವಾಯಿತು. ಸಡಿಲವಾದ ಎರಡು ಲೋಹದ ಭಾಗಗಳ ನಡುವಿನ ಕೂದಲೆಳೆಯಷ್ಟು ಸಂದಿನಲ್ಲಿ ಕಿಡಿ ಹಾರುತ್ತಿದ್ದರೆ ಹೀಗೆಯೇ ಆಗುತ್ತದೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಪ್ರತಿ ಆವರ್ತದಲ್ಲೂ ವೋಲ್ಟೇಜ್ ಎರಡು ಬಾರಿ ಏರುವುದರಿಂದ ಸೆಕೆಂಡಿಗೆ 100 ಸಲ ಕಿಡಿಗಳ ಗುಚ್ಛ ಹಾರುತ್ತದೆ. ಮಳೆನೀರು ಆ ಸಂದನ್ನು ಮುಚ್ಚಿದಾಗ ಕಿಡಿ ನಿಲ್ಲುತ್ತದೆ.

ಕಡಿಮೆ ಆವರ್ತನಗಳಲ್ಲಿ (ಫ್ರೀಕ್ವೆನ್ಸಿ) ಈ ಸದ್ದು ತಂತಿಗುಂಟ ಬಹುದೂರ ಹರಿಯುವುದರಿಂದ ಬೀದಿಯುದ್ದಕ್ಕೂ ಒಂದೇ ಸಮ ಕೇಳಿಸಿ ದಾರಿ ತಪ್ಪಿಸುತ್ತದೆ. ಹಾಗಾಗಿ 144 ಮೆಗಾಹರ್ಟ್ಸ್‌ನಲ್ಲಿ, ತರಂಗದ ಎತ್ತರದ ಏರಿಳಿತವನ್ನು ಕೇಳಿಸುವ ಎಎಂ ಇಟ್ಟುಕೊಂಡು, ತಿರುಗಿಸಿದ ದಿಕ್ಕಿನ ಸದ್ದನ್ನೇ ಹೆಚ್ಚು ಹಿಡಿಯುವ ಕೈಯ ಯಾಗಿ ಆಂಟೆನಾದೊಂದಿಗೆ ಮೂರು ಸಂಜೆ ನಡೆದೆ. ಪಾರ್ಕ್ ಮೂಲೆಯ ಹೊಂಗೆ ಮರದ ಪಕ್ಕದ 11 ಕೆವಿ ಕಂಬದ ಕಡೆಗೆ ತಿರುಗಿಸಿದಾಗ ಸದ್ದು ಅತಿ ಜೋರಾಯಿತು. ಬೈನಾಕ್ಯುಲರಿನಲ್ಲಿ ನೋಡಿದರೆ, ನಡುವಿನ ಪಿನ್ ಇನ್ಸುಲೇಟರಿಗೆ (ತಂತಿಯನ್ನು ಹೊರುವ ಪಿಂಗಾಣಿಯಂಥ ಬುಗುಟು) ಲೈನನ್ನು ಕಟ್ಟಲು ಸುತ್ತಿದ ಬೈಂಡಿಂಗ್ ವೈರ್ ಬಿಚ್ಚಿಕೊಂಡು ಅದರ ತುದಿ ಗಾಳಿಗೆ ಅಲುಗಾಡುತ್ತಿದೆ.

5ನೇ ಅಡ್ಡರಸ್ತೆ, ಮನೆ ಸಂಖ್ಯೆ 17:
ನಮ್ಮ ಮನೆಯಲ್ಲಿ ಎಫ್‌ಎಂ ಸ್ಪಷ್ಟವಾಗಿಯೇ ಬರುತ್ತಿದೆಯಲ್ಲ ಸರ್, ದೋಷ ಲೈನಿನದೇ ಎಂದು ಖಚಿತವೇ?

ಮನೆ ಸಂಖ್ಯೆ 41:
ಖಚಿತ ಸರ್. ಎಫ್‌ಎಂನಲ್ಲಿ ದನಿಯಿರುವುದು ಆವರ್ತನದ ಏರಿಳಿತದಲ್ಲಿ. ಕಿಡಿ ಕೆಡಿಸುವುದು ತರಂಗದ ಎತ್ತರವನ್ನು, ಅದನ್ನು ಎಫ್‌ಎಂ ರಿಸೀವರ್ ಬಹುಮಟ್ಟಿಗೆ ಕತ್ತರಿಸಿಬಿಡುತ್ತದೆ. ಇನ್ನೊಂದು ಮಾತು ಹೇಳಲೇಬೇಕು. 2004ರ ಸುನಾಮಿಯಲ್ಲಿ ಅಂಡಮಾನಿನ ಸಂಪರ್ಕ ಕಡಿದಾಗ ಅಲ್ಲಿಂದ ಸುದ್ದಿ ದಾಟಿಸಿದವರು ಹ್ಯಾಮ್‌ಗಳು. ಕ್ಷೀಣವಾದ ದನಿಯನ್ನು ಹಿಡಿಯುವುದೇ ನಮ್ಮ ಕೆಲಸ, ಅದಕ್ಕೆ ಮೌನ ಬೇಕು.

ಸಂಘದ ಕಾರ್ಯದರ್ಶಿ:
ಹಿಂದೊಮ್ಮೆ "ರೇಡಿಯೋದಲ್ಲಿ ಶಬ್ದ" ಎಂದಷ್ಟೇ ದೂರು ಕೊಟ್ಟಾಗ, ಮನೆಗೆ ಕರೆಂಟ್ ಬರುತ್ತಿದೆಯೆಂದು ಹೇಳಿ ಅದನ್ನು ಮುಕ್ತಾಯಗೊಳಿಸಿದ್ದರು. ಈ ಸಲ "11 ಕೆವಿ ಕಂಬದಲ್ಲಿ ಬೈಂಡಿಂಗ್ ಬಿಚ್ಚಿದೆ, ಕಿಡಿ ಹಾರುತ್ತಿದೆ" ಎಂದೇ ಬರೆಯೋಣ. ಕಂಬದ ಸಂಖ್ಯೆ, ಫೋಟೋ ಮತ್ತು ನಿಮ್ಮ ಬಿಲ್ಲಿನ ಆರ್‌ಆರ್ ನಂಬರಿನೊಂದಿಗೆ ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಇಲ್ಲಿ ಹಾಕಿ. ಸೆಕ್ಷನ್ ಆಫೀಸಿಗೆ ಲಿಖಿತ ಪ್ರತಿಯನ್ನು ನಾನೇ ಕೊಟ್ಟು ಸ್ವೀಕೃತಿ ಪಡೆಯುತ್ತೇನೆ. ಸ್ಪಂದಿಸದಿದ್ದರೆ, 2003ರ ವಿದ್ಯುತ್ ಕಾಯ್ದೆಯಡಿ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯಿದೆ. ಸದ್ದು ಬದಲಾಗುತ್ತದೆಯೇ ಎಂದು ಪರೀಕ್ಷಿಸಲು ಯಾರೂ ಕಂಬಕ್ಕೆ ಬಡಿಯಬೇಡಿ, ಕಂಬವನ್ನು ನೆಲಕ್ಕೆ ಬಿಗಿದ ಸ್ಟೇ ವೈರ್ ಎಳೆಯಬೇಡಿ. ಸಡಿಲವಾದ ತಂತಿ ಕಳಚಿ ಬಿದ್ದರೆ ಪ್ರಾಣಕ್ಕೇ ಅಪಾಯ.

ಮನೆ ಸಂಖ್ಯೆ 41, ಒಂಬತ್ತು ದಿನಗಳ ನಂತರ:
ಹದಿನಾಲ್ಕು ಮನೆಯವರು ದೂರು ಕೊಟ್ಟಿರಿ, ಎಲ್ಲರಿಗೂ ಕೃತಜ್ಞ. ಇಂದು ಬೆಳಿಗ್ಗೆ ಲೈನ್ ಕ್ಲಿಯರ್ (ಲೈನಿನ ವಿದ್ಯುತ್ ಕಡಿದು ಕೆಲಸಕ್ಕೆ ಕೊಡುವ ಅನುಮತಿ) ಪಡೆದು ಲೈನ್‌ಮನ್ ಹತ್ತಿದರು, ಹೊಸ ಬೈಂಡಿಂಗ್ ಸುತ್ತಿದರು. ಕೆಳಗಿಳಿಸಿದ ಹಳೆಯ ತುಂಡನ್ನು ಅವರು ನನ್ನ ಅಂಗೈಗಿಟ್ಟರು: ಒಂದು ಬೆರಳಿನಷ್ಟು ಉದ್ದಕ್ಕೆ ಕಪ್ಪಗೆ ಸುಟ್ಟು, ಸಣ್ಣ ಸಣ್ಣ ಗುಳಿ ಬಿದ್ದಿತ್ತು. ಮೀಟರ್ ಈಗ 3ಕ್ಕೆ ಇಳಿದಿದೆ. ಉಳಿದ ಸಣ್ಣ ಸದ್ದು 6ನೇ ಅಡ್ಡರಸ್ತೆಯ ಟಿಸಿ (ಟ್ರಾನ್ಸ್‌ಫಾರ್ಮರ್) ಕಡೆಯಿಂದ ಬರುವಂತಿದೆ. ಭಾನುವಾರ ಸಂಜೆ ಐದಕ್ಕೆ ಆಂಟೆನಾ ಹಿಡಿದು ಆ ಬೀದಿಗೆ ಹೊರಡುತ್ತೇನೆ, ಬರುವವರು ಬ್ಯಾಟರಿ ರೇಡಿಯೋ ತನ್ನಿ.